ತೊಟ್ಟಿಕ್ಕುವ ನಲ್ಲಿ ಮತ್ತು ಎರಡು ದಿನದ ರಜೆ

ನರ್ಸಮ್ಮ: ಆ ನಲ್ಲಿ ಕಡೆ ನೋಡ್ಬೇಡಿ ಅಂದ್ನಲ್ಲ ಪೈಪಣ್ಣ! ಕತ್ತು ಈ ಕಡೆ ತಿರುಗಿಸಿ. ಕೆರೆ ನೋಡಿ.

ಪೈಪಣ್ಣ: ಕೆರೇನೇ ನೋಡ್ತಿದೀನಿ ಅತ್ತಿಗೆ. ಆದ್ರೆ ಕಿವಿ ಆ ಕಡೇನೇ ಇದೆ. ತೊಟ್... ತೊಟ್... ಒಂದು ವಾಶರ್ ಸವೆದಿರೋದು, ಅಷ್ಟೇ. ಎರಡೇ ನಿಮಿಷ.

ನರ್ಸಮ್ಮ: ಎರಡೇ ನಿಮಿಷ ಅಂತ ನಮ್ಮನೆ ಬಚ್ಚಲಿಗೆ ಹೋದೋರು, ಗೋಡೆ ಒಡೆದು ಪಕ್ಕದ ಮನೇಲಿ ಹೊರಗೆ ಬಂದ್ರಿ.

ದರ್ಜಿ: ಅದು ಮಾತ್ರ ನಿಜ ಕಣೋ.

ನರ್ಸಮ್ಮ: ನೀವು ಸುಮ್ನಿರ್ರೀ. ಆ ಕರ್ಟನ್ನು ಗೇಣು ಹಾಕಿ ಅಳೀತಿರೋದು ನನಗೆ ಕಾಣ್ಸಲ್ಲ ಅಂದ್ಕೊಂಡ್ರಾ?

ದರ್ಜಿ: ಅಳೀತಿಲ್ವೇ, ಸವರ್ತಿದೀನಿ. ಎಡಗಡೆ ಎರಡು ಬೆರಳು ಇಳಿದುಬಿಟ್ಟಿದೆ, ಪಾಪ.

ನರ್ಸಮ್ಮ ದೊಡ್ಡಾಸ್ಪತ್ರೆಯ ಹೆಡ್ ನರ್ಸು. ಶನಿವಾರ, ಭಾನುವಾರ ಎರಡೂ ಒಟ್ಟಿಗೆ ರಜೆ ಸಿಕ್ಕಿದ್ದು ಮೂರು ವರ್ಷದಲ್ಲಿ ಇದೇ ಮೊದಲು. ಈ ಎರಡು ದಿನ ತಾನು ಯಾರ ಹಿಂದೆಯೂ ಓಡಬಾರದು, ಯಾರೂ ತನ್ನ ಹಿಂದೆ ಓಡಿ ಬರಬಾರದು ಎಂದು ಫೋನಿನಲ್ಲಿ ತಡಕಾಡಿ ಹಿಡಿದಿದ್ದು ಕೆರೆ ದಂಡೆಯ ಈ ಬಾಡಿಗೆ ಮನೆ. ಜೊತೆಗೆ ಬಂದವರು ದರ್ಜಿ ಅಂಗಡಿ ಇಟ್ಟಿರುವ ಗಂಡ ಮತ್ತು ಗಂಡನ ಬಾಲ್ಯಸ್ನೇಹಿತ, ಊರ ನಲ್ಲಿಗಳನ್ನೆಲ್ಲ ರಿಪೇರಿ ಮಾಡುವ ಪೈಪಣ್ಣ. ಒಬ್ಬರು ಕಸುಬಿಗೆ ಕೈಹಾಕಿದರೂ ತಾನು ಸಂಜೆ ಬಸ್ಸಿಗೇ ವಾಪಸ್ಸು, ಈ ಜನ್ಮದಲ್ಲಿ ಇನ್ನು ಪ್ರವಾಸದ ಮಾತೇ ಇಲ್ಲ ಎಂದು ನರ್ಸಮ್ಮ ಬಸ್ಸಿನಲ್ಲೇ ಆಣೆ ಹಾಕಿಸಿದ್ದರು. ಗಂಡಸರಿಬ್ಬರೂ ತಲೆಯಾಡಿಸಿದ್ದರು. ಒಪ್ಪಿ ಆಡಿಸಿದರೋ, ರಸ್ತೆಯ ಗುಂಡಿಗೆ ತಾನಾಗಿ ಆಡಿತೋ, ಆ ದೇವರಿಗೇ ಗೊತ್ತು.

ನರ್ಸಮ್ಮ: ಮನೆ ಎಷ್ಟು ಚೆನ್ನಾಗಿಟ್ಟಿದಾರೆ ನೋಡಿ! ಯಾರೋ ಈಗಷ್ಟೇ ಎದ್ದು ಹೋದ್ರು ಅನ್ನೋ ಹಾಗೆ ಮೇಜಿನ ಮೇಲೆ ಕನ್ನಡಕ, ಕುರ್ಚೀಲಿ ಅರ್ಧ ಹೆಣೆದ ಸ್ವೆಟರು. ಎಷ್ಟು ಯೋಚನೆ ಮಾಡಿದಾರೆ!

ಪೈಪಣ್ಣ: ಬೆಕ್ಕೂ ಇಟ್ಟಿದಾರೆ ಅತ್ತಿಗೆ. ಬಾಡಿಗೇಲೇ ಸೇರಿದೆ ಅನ್ಸುತ್ತೆ.

ದರ್ಜಿ: ಗೋಡೆ ಮೇಲೆ ಅಷ್ಟೊಂದು ಜನರ ಫೋಟೋ ಯಾಕೋ?

ನರ್ಸಮ್ಮ: ಹಿಂದೆ ಬಂದು ಉಳ್ಕೊಂಡೋರದ್ದು ಇರ್ಬೇಕು. ನಾವೂ ಒಂದು ಕೊಟ್ಟು ಹೋಗೋಣ. ಈಗ ನಾನು ಅರ್ಧ ಗಂಟೆ ಮಲಗ್ತೀನಿ. ಎದ್ದು ಬಂದಾಗ ಇಬ್ರೂ ಇದೇ ಕುರ್ಚೀಲಿರ್ಬೇಕು.

ಒಳಗೆ ಮಂಚ ಕಿರುಗುಟ್ಟಿತು. ಗಂಡಸರಿಬ್ಬರೂ ಉಸಿರು ಬಿಗಿಹಿಡಿದು ನೂರರವರೆಗೆ ಎಣಿಸಿದರು. ಪೈಪಣ್ಣ ಅರವತ್ತಕ್ಕೇ ಎದ್ದ.

ದರ್ಜಿ: ಲೋ, ಅದೇನೋ ಕಾಲ್ಚೀಲದಿಂದ ತೆಗೀತಿದೀಯಾ?

ಪೈಪಣ್ಣ: ಸ್ಪ್ಯಾನರ್. ಚಿಕ್ಕದು. ಇದನ್ನೆಲ್ಲಾ ಲೆಕ್ಕಕ್ಕೆ ಹಿಡೀಬಾರ್ದು.

ದರ್ಜಿ: ಆಣೆ ಹಾಕಿದೀಯಲ್ಲೋ!

ಪೈಪಣ್ಣ: ನೀನು ಕಾಲರ್ ಹಿಂದೆ ಸಿಕ್ಕಿಸ್ಕೊಂಡಿರೋದೇನು?

ದರ್ಜಿ: ಸೂಜಿ. ಅದೂ ಇನ್ನೂ ಚಿಕ್ಕದು.

ಮುಂದಿನ ಹತ್ತು ನಿಮಿಷ ಆ ಮನೆಯಲ್ಲಿ ಕಂಡ ಸಡಗರ ಯಾವ ಮದುವೆ ಮನೆಯಲ್ಲೂ ಕಾಣದು. ಒಬ್ಬ ಸಿಂಕಿನ ಕೆಳಗೆ ಅಂಗಾತ ಮಲಗಿ ಗುನುಗುತ್ತಿದ್ದ. ಇನ್ನೊಬ್ಬ ಸ್ಟೂಲಿನ ಮೇಲೆ ನಿಂತು, ಬಾಯಲ್ಲಿ ದಾರ ಕಚ್ಚಿಕೊಂಡು, ಕರ್ಟನ್ನಿನ ಅಂಚು ಮಡಿಸುತ್ತಿದ್ದ. ಇಬ್ಬರ ಮುಖದಲ್ಲೂ ರಜೆಯ ಕಳೆ ಬಂದದ್ದೇ ಆಗ. ಕೊನೆಗೆ ನಲ್ಲಿ ನಿಂತಿತು, ಮನೆ ನಿಶ್ಶಬ್ದವಾಯಿತು, ಮರುಗಳಿಗೆಯೇ ನರ್ಸಮ್ಮ ಬಾಗಿಲಲ್ಲಿ ನಿಂತಿದ್ದರು.

ನರ್ಸಮ್ಮ: ಸದ್ದು ಯಾಕೆ ನಿಂತಿದೆ?

ಪೈಪಣ್ಣ: (ಸಿಂಕಿನ ಕೆಳಗಿಂದ) ಯಾವ ಸದ್ದು ಅತ್ತಿಗೆ?

ನರ್ಸಮ್ಮ: ಇಪ್ಪತ್ತೆರಡು ವರ್ಷ ಐಸಿಯುನಲ್ಲಿ ಮಿಷನ್ನುಗಳ ಬೀಪ್ ಬೀಪ್ ಕೇಳ್ಕೊಂಡು ಕೆಲಸ ಮಾಡಿದೀನಿ. ಸದ್ದು ಇದ್ರೆ ನನಗೆ ನಿದ್ದೆ ಬರುತ್ತೆ. ನಿಂತ್ರೆ ಎದೆ ಧಸಕ್ ಅಂತ ಎದ್ದು ಕೂರ್ತೀನಿ!

ದರ್ಜಿ: ನೋಡಿದ್ಯಾ, ಎಲ್ಲಾ ಇವನಿಂದಾನೇ. ನಾನು ಎಷ್ಟು ಹೇಳ್ದೆ...

ನರ್ಸಮ್ಮ: ಬಾಯಲ್ಲಿರೋ ದಾರ ಉಗಿದು ಮಾತಾಡಿ!

ದರ್ಜಿ ಉಗಿದ. ಸೂಜಿಯನ್ನು ಮತ್ತೆ ಕಾಲರಿಗೆ ಸಿಕ್ಕಿಸಿಕೊಂಡು ಸ್ಟೂಲಿನಿಂದ ಇಳಿದ.

ನರ್ಸಮ್ಮ: ಮೂರು ವರ್ಷ ರೀ! ಎರಡೇ ಎರಡು ದಿನ ಸುಮ್ನೆ ಕೂತ್ಕೊಳಿ ಅಂತ ಕೇಳ್ದೆ. ನನಗೋಸ್ಕರ ಅಷ್ಟೂ ಆಗ್ಲಿಲ್ಲ. ಸಂಜೆ ಬಸ್ಸಿಗೆ ನಾನು ಹೊರಟೆ.

ಇಬ್ಬರು ಗಂಡಸರೂ ನೆಲ ನೋಡಿದರು, ನಿಜವಾಗಿಯೂ ನಾಚಿಕೆಪಟ್ಟರು. ಅಷ್ಟರಲ್ಲಿ ಮುಂಬಾಗಿಲು ದಡಕ್ಕನೆ ತೆರೆಯಿತು. ಕೈಚೀಲ ಹಿಡಿದ ಅಜ್ಜಿಯೊಬ್ಬರು ಏದುಸಿರು ಬಿಡುತ್ತ ನಿಂತಿದ್ದರು.

ಅಜ್ಜಿ: ಯಾರ್ರಯ್ಯಾ ನೀವು?

ನರ್ಸಮ್ಮ: (ಕಣ್ಣೊರೆಸಿಕೊಂಡು) ಬನ್ನಿ ಬನ್ನಿ. ಅಡುಗೆಗೆ ಬಂದ್ರಾ? ಒಂದು ಗಂಟೆಗೇ ಊಟ ಅಂದಿದ್ರಲ್ಲ.

ಅಜ್ಜಿ: ಅಡುಗೆಗಾ? ಈ ಮನೆ ಕಟ್ಟಿಸಿದೋಳು ನಾನು!

ದರ್ಜಿ: ಓ, ಓನರ್ರು! ಎಲ್ಲಾ ಅಚ್ಚುಕಟ್ಟಾಗಿದೆ ಕಣಜ್ಜಿ. ಜೇನುತುಪ್ಪ ಒಂದು ಇನ್ನೊಂಚೂರು ಇಟ್ಟಿದ್ರೆ ಚೆನ್ನಾಗಿತ್ತು, ತಿಂಡಿಗೇ ಮುಗಿದುಹೋಯ್ತು.

ಅಜ್ಜಿ: ತಂಗಿ ಮನೇಲಿ ಒಂದು ದಿನ ಇದ್ದು ಬರೋಷ್ಟರಲ್ಲಿ ನನ್ನ ಜೇನುತುಪ್ಪ ಖಾಲಿನಾ? ಒಳಗೆ ಹೇಗ್ರೋ ಬಂದ್ರಿ?

ನರ್ಸಮ್ಮ: ಕೆರೆ ದಂಡೆ ಮನೆ, ಹೂವಿನ ಕುಂಡದ ಕೆಳಗೆ ಕೀ ಇರುತ್ತೆ ಅಂತ ಬರೆದಿದ್ರು...

ಅಜ್ಜಿ: ಈ ಊರಲ್ಲಿ ಎಲ್ಲರ ಮನೆ ಕೀನೂ ಹೂವಿನ ಕುಂಡದ ಕೆಳಗೇ ಇರುತ್ತೆ! ಬಾಡಿಗೆ ಮನೆ ಕೆರೆ ಆ ದಂಡೇಲಿದೆ!

ಮೂವರೂ ಗೋಡೆಯ ಫೋಟೋಗಳತ್ತ ನೋಡಿದರು. ಎಲ್ಲದರ ನಡುವೆಯೂ ಇದೇ ಅಜ್ಜಿ ನಗುತ್ತಿದ್ದರು. ಎದುರಿಗಿದ್ದ ಅಜ್ಜಿ ಮಾತ್ರ ನಗುತ್ತಿರಲಿಲ್ಲ.

ಅಜ್ಜಿ: ಪೊಲೀಸರಿಗೆ ಫೋನ್ ಮಾಡ್ತೀನಿ ತಾಳಿ. ಅಬ್ಬಾ... ತಲೆ...

ನರ್ಸಮ್ಮ: ಕೂತ್ಕೊಳಿ. ಕೂತ್ಕೊಳಿ ಅಂದೆ! ಕೈ ಕೊಡಿ. ಬೆಳಿಗ್ಗೆ ಮಾತ್ರೆ ತಗೊಂಡ್ರಾ?

ಅಜ್ಜಿ: ಮರೆತು ಮನೇಲೇ ಬಿಟ್ಟು ಹೋಗಿದ್ನಮ್ಮಾ.

ನರ್ಸಮ್ಮ: ಚೆನ್ನಾಗಿದೆ! ರೀ, ನನ್ನ ಬ್ಯಾಗ್ ತನ್ನಿ. ಬಟ್ಟೆ ಅಡೀಲಿ, ಟವೆಲ್ ಸುತ್ತಿಟ್ಟಿದೀನಿ.

ದರ್ಜಿ ಟವೆಲ್ ಬಿಡಿಸಿದ. ಒಳಗೆ ಬಿಪಿ ಮಿಷನ್ನು. ಅವನು ಪೈಪಣ್ಣನ ಮುಖ ನೋಡಿದ, ಪೈಪಣ್ಣ ಅವನ ಮುಖ ನೋಡಿದ.

ಪೈಪಣ್ಣ: ಓಹೋಹೋ! ಇದು ಯಾವ ಗಾತ್ರದ್ದು ಅತ್ತಿಗೆ? ಚಿಕ್ಕದಾ?

ನರ್ಸಮ್ಮ: ಬಾಯಿ ಮುಚ್ಚಿ ನೀರು ತನ್ನಿ.

ಪೈಪಣ್ಣ ನಲ್ಲಿ ತಿರುಗಿಸಿ ಲೋಟ ತುಂಬಿದ, ಮತ್ತೆ ತಿರುಗಿಸಿ ನಿಲ್ಲಿಸಿದ. ಒಂದು ಹನಿಯೂ ಬೀಳಲಿಲ್ಲ. ಅಜ್ಜಿ ಕಿವಿ ನಿಮಿರಿಸಿದರು.

ಅಜ್ಜಿ: ಆ ನಲ್ಲಿ ಏನ್ಮಾಡಿದೆ ನೀನು?

ಪೈಪಣ್ಣ: ತಪ್ಪಾಯ್ತಜ್ಜಿ. ಬೇಕಾದ್ರೆ ಮತ್ತೆ ಕೆಡಿಸ್ಕೊಡ್ತೀನಿ.

ಅಜ್ಜಿ: ನಾಲ್ಕು ವರ್ಷದಿಂದ ನನ್ನ ಮಗ ನಾಳೆ ಮಾಡ್ತೀನಿ, ನಾಳೆ ಮಾಡ್ತೀನಿ ಅಂತಿದಾನೆ! ಆ ಕರ್ಟನ್ನೂ ನೆಟ್ಟಗಾಗಿದೆ! ಪೊಲೀಸರು ಇರ್ಲಿ. ಹಿತ್ತಲಲ್ಲಿ ಪಂಪು ಕೆಟ್ಟಿದೆ, ನೋಡ್ತೀಯೇನಪ್ಪಾ?

ಪೈಪಣ್ಣ ಆಗಲೇ ಹಿತ್ತಲಲ್ಲಿದ್ದ. ಅಜ್ಜಿ ಫೋನಂತೂ ಮಾಡಿದರು, ಆದರೆ ಅಕ್ಕಪಕ್ಕದ ಮನೆಗಳಿಗೆ. ಮಧ್ಯಾಹ್ನ ಮೂರರ ಹೊತ್ತಿಗೆ ಬಾಗಿಲ ಮುಂದೆ ಬಕೆಟ್ಟು, ಹರಿದ ಕೋಟು, ಮಂಡಿನೋವು ಹಿಡಿದುಕೊಂಡು ಜನ ಸಾಲುಗಟ್ಟಿದ್ದರು.

ದರ್ಜಿ: (ಮೆಲ್ಲಗೆ) ಲೇ, ಸಂಜೆ ಬಸ್ಸಿಗೆ...?

ನರ್ಸಮ್ಮ: ಆಸ್ಪತ್ರೇಲಿ ಒಬ್ಬರ ಕೈ ಹಿಡ್ಕೊಂಡು ಐದು ನಿಮಿಷ ಕೂತ್ಕೊಳೋಕೆ ಬಿಡಲ್ಲ ಕಣ್ರೀ. ಇಲ್ಲಿ ಈ ಅಜ್ಜಿ ಜೊತೆ ಮುಕ್ಕಾಲು ಗಂಟೆಯಿಂದ ಹರಟ್ತಾ ಕೂತಿದೀನಿ. ಯಾವ ಬಸ್ಸು? ಹೋಗಿ, ಕೋಟು ಹೊಲೀರಿ.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಬಾಡಿಗೆ ಮನೆಯ ಅಸಲಿ ಯಜಮಾನ.

ನರ್ಸಮ್ಮ: ಹಲೋ... ಹೌದು, ನಾವೇ... ಕಾಯ್ತಿದೀರಾ?... ಎಲ್ಲಾ ಹೊಸದಾ?... ಸುತ್ತಮುತ್ತ ಒಂದು ನರಪಿಳ್ಳೆನೂ ಇಲ್ವಾ? (ಫೋನಿಗೆ ಕೈ ಅಡ್ಡ ಹಿಡಿದು) ಅಲ್ಲಿ ಒಂದೇ ಒಂದು ಸಾಮಾನೂ ಕೆಟ್ಟಿಲ್ವಂತೆ.

ಪೈಪಣ್ಣ: (ಹಿತ್ತಲಿನಿಂದ) ಅಯ್ಯೋ, ಪಾಪ!

ನರ್ಸಮ್ಮ: ಹಲೋ... ಕ್ಷಮಿಸಿ, ನಮಗೆ ಬರೋಕಾಗಲ್ಲ. ನಾವಿಲ್ಲಿ ವಿಶ್ರಾಂತಿ ತಗೋತಿದೀವಿ. ಬೇಗ ಫೋನ್ ಇಡಿ ಸ್ವಾಮಿ, ಇನ್ನೂ ಹನ್ನೊಂದು ಜನ ಕಾಯ್ತಿದಾರೆ!