ಹವಳಕ್ಕೆ ಮೊಸರನ್ನ

ಸಾರಕ್ಕಿ ಕೆರೆಯ ಹಿಂಬದಿಯಲ್ಲಿರುವ ಸಾತ್ವಿಕ ನಿಲಯ ಅಪಾರ್ಟ್‌ಮೆಂಟಿನೊಳಗೆ ಯಾವ ಜೀವಿಯೂ ಮಾಂಸ ತಿನ್ನುವುದಿಲ್ಲ. ಇದು ನಮ್ಮ ಸಂಘದ ಮೊದಲನೆಯ ನಿಯಮ. ಲಿಫ್ಟ್ ಪಕ್ಕ ಗ್ರಾನೈಟಿನಲ್ಲಿ ಕೆತ್ತಿಸಿದ್ದೇವೆ. ‘ಯಾವ ವ್ಯಕ್ತಿಯೂ’ ಎಂದಿದ್ದರೆ ಸಾಕಾಗುತ್ತಿತ್ತು. ಅಧ್ಯಕ್ಷರಾದ ಗುಂಡಣ್ಣನವರು ದೂರದೃಷ್ಟಿಯಿಂದ ‘ಯಾವ ಜೀವಿಯೂ’ ಎಂದು ಬರೆಸಿದರು. ಪಾರ್ಕಿಂಗಿನ ಬೆಕ್ಕಿಗೂ ನಾವು ಹಾಲನ್ನವನ್ನೇ ಹಾಕುತ್ತೇವೆ. ಆಮೇಲೆ ಅದು ಕಾಂಪೌಂಡು ಹಾರಿ ಎಲ್ಲಿಗೆ ಹೋಗುತ್ತದೆಂಬುದು ಸಂಘದ ವ್ಯಾಪ್ತಿಗೆ ಬರುವುದಿಲ್ಲ.

ಕಾರ್ಯದರ್ಶಿಯಾದ ನಾನೇ ಈ ಪ್ರಕರಣವನ್ನು ಬರೆಯಬೇಕಾಗಿದೆ, ಏಕೆಂದರೆ ಮಿಕ್ಕ ಪದಾಧಿಕಾರಿಗಳು ಭಾನುವಾರ ಕೂತ ಜಾಗದಿಂದ ಏಳುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಮೂರನೇ ಮಹಡಿಯ ಬಾಡಿಗೆದಾರಳು ಹಂಸಾ. ಬ್ಯಾಂಕಿನಲ್ಲಿ ಕೆಲಸ, ಅಪ್ಪಟ ಸಸ್ಯಾಹಾರಿ. ಆ ಒಂದು ಅರ್ಹತೆಯ ಮೇಲೆಯೇ ಮನೆ ಸಿಕ್ಕಿದ್ದು. ಅವಳ ನಡುಮನೆಯಲ್ಲಿ ಸಮುದ್ರದ ಉಪ್ಪುನೀರಿನ ಗಾಜಿನ ತೊಟ್ಟಿಯಿದೆ. ಅದರಲ್ಲಿ ನೀಲಿ ದೀಪದಡಿ ಜೀವಂತ ಹವಳಗಳು. ಅವು ಬೆಳಕಿನಿಂದಲೇ ಬದುಕುತ್ತವಂತೆ, ಆದರೂ ಆಗಾಗ ಒಂದು ತುತ್ತು ಬೇಕಂತೆ. ಆಗ ಅವಳು ಪಂಪು ನಿಲ್ಲಿಸಿ, ಫಿಲ್ಲರಿನಲ್ಲಿ ಒಂದೊಂದು ಬಾಯಿಗೂ ಒಂದೊಂದು ತೊಟ್ಟು ಬಿಟ್ಟು, ಮಿಕ್ಕಿದ್ದನ್ನು ಸಣ್ಣ ಪೈಪಿನಲ್ಲಿ ಎಳೆದು ತೆಗೆಯುತ್ತಾಳೆ. ನಾವು ಕುಡಿಯುವ ಸಂಪಿನ ನೀರು ಅಷ್ಟು ಶುಚಿಯಾಗಿಲ್ಲ.

ಆ ತುತ್ತು ಸೀಗಡಿಯದು ಎಂಬುದನ್ನು ಪತ್ತೆ ಹಚ್ಚಿದವರು ಅಡುಗೆಮನೆ ಶುದ್ಧತಾ ಉಪಸಮಿತಿಯ ಸಂಚಾಲಕಿ ಅಲಮೇಲಮ್ಮ. ಅವರು ಕಾರಿಡಾರಿನಲ್ಲಿ ನಿಂತೇ ಯಾರ ಸಾರಿಗೆ ಇಂಗು ಬಿದ್ದಿಲ್ಲ ಎಂದು ಹೇಳಬಲ್ಲರು. ಅಂದು ಐಸ್ ಕೇಳಲು ಹೋಗಿ ಹಂಸಾಳ ಫ್ರೀಜರ್ ತೆಗೆದರು.

ತನಿಖೆಗೆ ಅಧ್ಯಕ್ಷರು, ಅಲಮೇಲಮ್ಮ, ನಾನು ಮೂವರೂ ಹೋದೆವು. ಗುಂಡಣ್ಣನವರು ತಮ್ಮ ಉಂಗುರ ತೋರಿಸಿದರು. “ನೋಡಮ್ಮಾ, ಕುಜದೋಷಕ್ಕೆ ಅಂತ ಈ ಹವಳ ಹಾಕ್ಕೊಂಡು ಎಷ್ಟೋ ವರ್ಷ ಆಯ್ತು. ಒಂದು ದಿನಾನೂ ಊಟ ಕೇಳಿಲ್ಲ.”

“ಅದು ಸತ್ತಿರೋದು ಸಾರ್,” ಎಂದಳು ಹಂಸಾ.

ಗುಂಡಣ್ಣನವರು ಕೈಯನ್ನು ಜೇಬಿಗೆ ಹಾಕಿಕೊಂಡರು. ಈ ಮಾತು ಸಭಾ ನಡಾವಳಿಗೆ ಸೇರಿಲ್ಲ.

ಹವಳವು ಜೀವಿಯೆಂದು ಬಾಡಿಗೆದಾರಳೇ ಒಪ್ಪಿಕೊಂಡಿದ್ದರಿಂದ ಮೊದಲನೆಯ ನಿಯಮ ಅನ್ವಯವಾಯಿತು. ಹವಳಗಳು ತಕ್ಷಣ ಸಸ್ಯಾಹಾರಕ್ಕೆ ಬದಲಾಗತಕ್ಕದ್ದು, ತಪ್ಪಿದಲ್ಲಿ ಮನೆ ಖಾಲಿ ಮಾಡತಕ್ಕದ್ದು ಎಂದು ನೋಟಿಸು ಅಂಟಿಸಿದೆ. ಹಂಸಾ ಅತ್ತಳು. ಉಗುರಿನಷ್ಟಿದ್ದಾಗಿನಿಂದ ಸಾಕಿದ್ದೀನಿ, ಜಾಗ ಬದಲಿಸಿದರೆ ಸಾಯುತ್ತವೆ ಎಂದಳು. ನನಗೂ ಪಾಪ ಅನ್ನಿಸಿತು. ಆದರೆ ನೋಟಿಸು ಅಂಟಿಸಿ ಆಗಿತ್ತು, ಗೋಂದೂ ಒಳ್ಳೆಯದಿತ್ತು.

ಉಣಿಸುವ ಹೊಣೆಯನ್ನು ಅಲಮೇಲಮ್ಮ ವಹಿಸಿಕೊಂಡರು. ಮೊಸರನ್ನವನ್ನು ನುಣ್ಣಗೆ ಕಲಸಿ ತಂದರು. ಎಲೆ ಮುಂದೆ ಕೂತವರು ಸಾಕು ಎಂದರೂ ಬಡಿಸುವುದು ನಮ್ಮ ಕಡೆಯ ಪದ್ಧತಿ. ಹವಳಕ್ಕೆ ಬಾಯಿಯಿದ್ದರೂ ಸಾಕು ಎನ್ನಲು ಬರುವುದಿಲ್ಲ, ಹಾಗಾಗಿ ಅವರು ನಿಲ್ಲಿಸಲಿಲ್ಲ. ಹಬ್ಬದ ದಿನ ಒಬ್ಬಟ್ಟಿನ ಹೂರಣವೂ ಬಿತ್ತು. ನೀರು ಮಜ್ಜಿಗೆಯಾಯಿತು. ಹವಳಗಳು ಬಾಯಿ ಮುಚ್ಚಿಕೊಂಡು ಬಿಳಿಚಿಕೊಂಡವು. ಹವಳಗಳು ಸೀಗಡಿ ತಿನ್ನುತ್ತಿದ್ದಷ್ಟು ದಿನ ಯಾವ ವಾಸನೆಯೂ ಇರದಿದ್ದ ಕಟ್ಟಡ, ಮೊಸರನ್ನ ಬಿದ್ದ ವಾರದಲ್ಲಿ ಮೀನು ಮಾರ್ಕೆಟ್ಟಿನಂತೆ ನಾರತೊಡಗಿತು. ತಮ್ಮ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಮೂಗು ಮುಚ್ಚಿಕೊಂಡು ಲಿಫ್ಟಿನಿಂದಲೇ ವಾಪಸಾದ ಮೇಲೆ ಗುಂಡಣ್ಣನವರು ಸರ್ವಸದಸ್ಯರ ತುರ್ತು ಸಭೆ ಕರೆದರು.

ಸಂಘದಲ್ಲಿ ಠರಾವು ಹಿಂಪಡೆಯುವ ಪದ್ಧತಿ ಇಲ್ಲ. ನಿಯಮ ತಪ್ಪಲ್ಲ ಎಂದ ಮೇಲೆ ಹವಳವೇ ತಪ್ಪಿರಬೇಕು. ಅದು ಓಡಾಡುತ್ತದೆಯೇ ಎಂದು ಅಲಮೇಲಮ್ಮ ಕೇಳಿದರು. ಇಲ್ಲ, ಒಂದೇ ಕಡೆ ಕೂತಿರುತ್ತೆ, ಬೆಳಕಿದ್ದರೆ ಅರಳುತ್ತೆ ಎಂದಳು ಹಂಸಾ.

“ಹಂಗಾದ್ರೆ ಗಿಡ,” ಎಂದರು ಗುಂಡಣ್ಣನವರು. “ಗಿಡಕ್ಕೆ ಹಾಕೋದು ಊಟ ಅಲ್ಲ, ಗೊಬ್ಬರ.”

ಹಂಸಾ ಏನೋ ಹೇಳಲು ಬಾಯಿ ತೆರೆದು, ತನ್ನ ತೊಟ್ಟಿಯನ್ನು ನೆನೆದು ಮುಚ್ಚಿದಳು. ಬ್ಯಾಂಕಿನ ಅನುಭವ. ಸರ್ವಾನುಮತದಿಂದ ಹೀಗೆ ಅಂಗೀಕಾರವಾಯಿತು: ಒಂದೇ ಜಾಗದಲ್ಲಿ ಅಲುಗಾಡದೆ ಕೂತು ಬೆಳಕಿಗೆ ಮುಖ ಮಾಡಿದ ಯಾವುದೇ ಜೀವಿಯನ್ನು ಗಿಡವೆಂದು ಪರಿಗಣಿಸತಕ್ಕದ್ದು, ಆ ಸಮಯದಲ್ಲಿ ಅದಕ್ಕೆ ಕೊಟ್ಟದ್ದು ಗೊಬ್ಬರ.

ಹಂಸಾ ನೀರು ಬದಲಿಸಿ, ಮತ್ತೆ ಫಿಲ್ಲರು ಹಿಡಿದಳು. ಬಿಳಿಚಿದವುಗಳಲ್ಲಿ ಹೆಚ್ಚಿನವು ಚೇತರಿಸಿಕೊಂಡವು. ವಾಸನೆ ಹೋಯಿತು. ನನಗೆ ನಿಜವಾಗಿಯೂ ಸಂತೋಷವಾಯಿತು.

ಮುಂದಿನ ಭಾನುವಾರ ಕ್ರಿಕೆಟ್ ಇತ್ತು. ಗುಂಡಣ್ಣನವರು ಸೋಫಾದಲ್ಲಿ ಅಲುಗಾಡದೆ ಕೂತು ಟೀವಿಯ ಬೆಳಕಿಗೆ ಮುಖ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಅವರ ಮನೆಗೊಂದು ಬಿರಿಯಾನಿ ಪೊಟ್ಟಣ ಬಂತು. ಗೇಟಿನ ಪಿಳ್ಳಣ್ಣ ತಡೆದು, “ಗೊಬ್ಬರಾನಾ?” ಎಂದು ಕೇಳಿ, ಹೌದೆಂದ ಮೇಲೆ ಬಿಟ್ಟ. ಆಮೇಲೆ ಪ್ರತಿ ಮಹಡಿಯಲ್ಲೂ ಗಿಡಗಳು ಹೆಚ್ಚಾದವು. ಹಸಿರು ವಸತಿ ಸಂಕೀರ್ಣದ ಪ್ರಶಸ್ತಿಗೆ ಅರ್ಜಿ ಹಾಕಿದ್ದೇವೆ.

ಕಳೆದ ಭಾನುವಾರ ತೊಟ್ಟಿಯ ಪರಿಶೀಲನೆಗೆ ಹಂಸಾಳ ಮನೆಗೆ ಹೋದೆ. ಅವಳು ಒಂದೊಂದು ಹವಳಕ್ಕೂ ತೊಟ್ಟು ಬಿಡುತ್ತಿದ್ದಳು. ತೊಟ್ಟಿಯ ಮುಂದೆ, ನೀಲಿ ಬೆಳಕಿಗೆ ಮುಖ ಮಾಡಿ, ಅಲಮೇಲಮ್ಮ ಚಾಪೆಯ ಮೇಲೆ ಕೂತಿದ್ದರು. ಮಡಿಲಲ್ಲಿ ಪೇಪರಿನ ಪೊಟ್ಟಣ.

“ನಮ್ಮನೇಲಿ ಟೀವಿ ಮುಂದೆ ಜಾಗ ಇಲ್ಲ,” ಎಂದರು, ತಲೆ ತಿರುಗಿಸದೆ. “ಮೊಟ್ಟೆ ಬೋಂಡಾ. ಬಿಸಿಯಾಗಿದೆ. ಓಡಾಡ್ಕೊಂಡು ತಿಂದ್ರೆ ನಿಯಮ ಮುರಿದಂಗೆ. ಕೂತ್ಕೊಳಿ.”

ನಿಯಮವೆಂದರೆ ನಿಯಮ. ನಾನು ಕೂತೆ.