ಅಕ್ಕನ ಪಿತ್ತಕೋಶ ಮತ್ತು ಊರಿನ ವೈದ್ಯರು

ನಮ್ಮ ಕಡೆ ಒಬ್ಬರಿಗೆ ಹೊಟ್ಟೆನೋವು ಬಂದರೆ ಉಳಿದವರಿಗೆಲ್ಲ ವೈದ್ಯಕೀಯ ಜ್ಞಾನ ಬರುತ್ತದೆ. ಮಾನ್ವಿಯ ನಮ್ಮ ಅಕ್ಕನ ಪಿತ್ತಕೋಶದಿಂದ ಎಷ್ಟು ಜನ ವಿದ್ವಾಂಸರಾದರೆಂದು ನಾನೇ ಕಂಡಿದ್ದೇನೆ.

೧. ಗ್ಯಾಸ್

ಮಿರ್ಚಿ ಭಜಿ ತಿಂದ ದಿನ ಅಕ್ಕನಿಗೆ ಬಲಪಕ್ಕೆಯ ಕೆಳಗೆ ನೋವು ಹುಟ್ಟಿ ಬಲಭುಜಕ್ಕೆ ಏರುತ್ತಿತ್ತು. ಔಷಧಿ ಅಂಗಡಿಯವನು ತಲೆ ಎತ್ತದೆಯೇ ರೋಗ ಪತ್ತೆ ಮಾಡಿದ. "ಗ್ಯಾಸ್ ಅದ ಯವ್ವಾ."

ಒಂದು ವರ್ಷ ಗುಳಿಗೆ ನುಂಗಿದ ಮೇಲೆ ಅಕ್ಕ ಕೇಳಿದಳು. "ಹೊಟ್ಯಾಗಿನ ಗ್ಯಾಸ್ ಭುಜಕ್ಕ ಯಾಕ ಹೋಗಾಕತ್ತದಪಾ?"

"ಹಗುರ ಇರ್ತದಲ್ಲ, ಮ್ಯಾಲ ಹೋಗ್ತದ."

೨. ದಿಂಡು

ಅಕ್ಕನನ್ನು ರಾಯಚೂರಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆ. ಪಿತ್ತಕೋಶದಲ್ಲಿ ನಾಲ್ಕು ಕಲ್ಲು. ತಡ ಮಾಡಿದರೆ ಕಲ್ಲು ನಾಳಕ್ಕೆ ಜಾರಿ ಕಾಮಾಲೆಯಾಗುತ್ತದೆ, ಜೀವಕ್ಕೂ ಅಪಾಯ, ಬೇಗ ಆಪರೇಷನ್ ಮಾಡಿಸಿ ಎಂದರು ಡಾಕ್ಟರು.

ಮಾನ್ವಿಗೆ ಮರಳಿದರೆ ಪಕ್ಕದ ಮನೆಯ ಖಾಲಾ ಬಾಳೆದಿಂಡಿನ ರಸದ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅದು ಮೂತ್ರದ ಕಲ್ಲಿಗೆ ಕುಡಿಯುವ ರಸ, ಪಿತ್ತಕೋಶದ ಕಡೆ ಹೋಗುವುದೇ ಇಲ್ಲ ಎಂದೆ.

"ಅರೆ ಬೇಟಾ, ತಾ ಯಾವ ಕೋಣ್ಯಾಗ ಅದ ಅಂತ ಕಲ್ಲಿಗೇನು ಗೊತ್ತು?"

೩. ಮೂರು ಕಲ್ಲು

ಅಕ್ಕನ ಗಂಡ, ಅಂದರೆ ನಮ್ಮ ಮಾವ, ರೈಸ್ ಮಿಲ್ಲಿನ ಮಾಲೀಕರು. ಮಿಲ್ಲಿನ ಯಂತ್ರ ಕೆಮ್ಮಿದರೆ ಅದೇ ದಿನ ಹೈದರಾಬಾದಿನಿಂದ ಮೆಕ್ಯಾನಿಕ್ ಬರುತ್ತಾನೆ. ಹೆಂಡತಿಯನ್ನು ಮಾತ್ರ ದೇವದುರ್ಗದ ಕಡೆ ಬಾಯಿಂದ ಕಲ್ಲು ತೆಗೆಯುವವನ ಹತ್ತಿರ ಕರೆದೊಯ್ದರು; ನಾನೂ ಜೊತೆಗೆ ಹೋದೆ. ಅವನು ಹೊಟ್ಟೆಯ ಮೇಲೆ ಬಟ್ಟೆ ಹಾಸಿ, ಬಾಯಿಟ್ಟು ಹೀರಿ, ತಾಟಿನಲ್ಲಿ ಮೂರು ಕಲ್ಲು ಉಗುಳಿದ. ಒಂದಕ್ಕೆ ಇನ್ನೂ ಕೆಂಪು ಮಣ್ಣು ಅಂಟಿತ್ತು.

"ಸ್ಕ್ಯಾನಿನ್ಯಾಗ ನಾಕು ಇದ್ದುವಲ್ರೀ" ಎಂದೆ.

"ಇನ್ನೊಂದು ಬರೋ ಅಮಾಸಿಗೆ."

ಮರುವಾರದ ಸ್ಕ್ಯಾನಿನಲ್ಲೂ ನಾಲ್ಕು ಕಲ್ಲು. ಮಾವ ಅಲುಗಲಿಲ್ಲ. "ಅವ ಮೂರು ತೆಗ್ದದ್ದು ಖರೇ. ಇವು ಹೊಸಾವು."

೪. ಚೀಲ

ಅಮಾವಾಸ್ಯೆಗೆ ಮೊದಲೇ ಅಕ್ಕನಿಗೆ ನಡುಗುವ ಜ್ವರ ಬಂತು, ಕಣ್ಣು ಹಳದಿಯಾಯಿತು. ರಾಯಚೂರಿಗೆ ಓಡಿದೆವು. ನಾಳಕ್ಕೆ ಜಾರಿದ್ದ ಕಲ್ಲನ್ನು ಬಾಯಿಂದ ನಳಿಗೆ ಇಳಿಸಿ ತೆಗೆದು, ಜ್ವರ ಇಳಿದ ಮೇಲೆ ಡಾಕ್ಟರು ಆಪರೇಷನ್ನಿಗೆ ಸಹಿಯ ಕಾಗದ ತಂದರು.

"ಉಳಿದ ಕಲ್ಲು ಅಷ್ಟ ಅಲ್ರೀ, ಪಿತ್ತದ ಚೀಲಾನೂ ತೆಗೀಬೇಕು. ಬಿಟ್ರ ಮತ್ತ ಕಲ್ಲು ಆಗ್ತಾವ."

ಮಾವ ಪೆನ್ನು ಹಿಡಿದೇ ಕೂತರು. "ನಮ್ಮ ಮಿಲ್ಲಿನ್ಯಾಗ ದಿನಾ ಅಕ್ಕಿಯೊಳಗಿನ ಕಲ್ಲು ತೆಗೀತೀವ್ರೀ ಡಾಕ್ಟ್ರೇ. ಒಂದಿನಾನೂ ಚೀಲ ಹೊರಗ ಒಗದಿಲ್ಲ."

ನಾನು ಮಾವನ ಕೊರಳಪಟ್ಟಿಗೆ ಕೈ ಹಾಕುವವನಿದ್ದೆ. ಅಷ್ಟರಲ್ಲಿ ಅಕ್ಕ ಮಂಚದಲ್ಲಿ ಎದ್ದು ಕೂತು, ಪೆನ್ನು ಕಸಿದು ತಾನೇ ಸಹಿ ಹಾಕಿದಳು.

"ಚೀಲ ತೆಗೆದು ಇವ್ರ ಕೈಯಾಗ ಕೊಡ್ರಿ ಡಾಕ್ಟ್ರೇ. ಎಷ್ಟು ಅಕ್ಕಿ ಹಿಡೀತದ ನೋಡ್ಕೊಳ್ಳಲಿ."

ಆಪರೇಷನ್ ಆಯಿತು, ಅಕ್ಕ ಉಳಿದಳು. ಡಾಕ್ಟರು ನಿಜವಾಗಿಯೂ ಚೀಲವನ್ನು ಟ್ರೇಯಲ್ಲಿ ತಂದು ಮಾವನಿಗೆ ತೋರಿಸಿದರು. ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಪರೀಕ್ಷಿಸಿದರು.

"ಇದರಾಗ ಒಂದು ಹಿಡಿ ಅಕ್ಕಿನೂ ಹಿಡಿಯಂಗಿಲ್ಲಲ್ರೀ. ಮೊದಲ ಹೇಳಿದ್ರ ಅವತ್ತ ಸಹಿ ಹಾಕ್ತಿದ್ದೆ."