ಪಾಯಸದ ಹೊತ್ತಿಗೆ ಸಿಡಿದ ನಕ್ಷತ್ರ

ನನ್ನ ಪುಳ್ಳಿ, ಮಗಳ ಮಗಳು, ರಜೆಯಲ್ಲಿ ಕಡಬಕ್ಕೆ ಬಂದಳೆಂದರೆ ನನಗೆ ಯಾರ ಮೇಲಾದರೂ ಸಿಟ್ಟು ಬರುವುದು ಖಂಡಿತ. ಅವಳ ಮೇಲಲ್ಲ, ಅವಳ ಕೆಲಸಕ್ಕೆ ಬಾಯಿ ಹಾಕುವವರ ಮೇಲೆ.

ಕೆಲಸ ಎಂತದೆಂದರೆ, ದೂರದಲ್ಲಿ ನಕ್ಷತ್ರವೊಂದು ಮುದಿಯಾಗಿ ಸಿಡಿದು ಸತ್ತರೆ, ಬೆಳಕಿಗಿಂತ ಮೊದಲೇ ನ್ಯೂಟ್ರಿನೋ ಎಂಬ ಸಣ್ಣ ಕಣಗಳು ಹೊರಟು ಬರುತ್ತವಂತೆ. ಗೋಡೆ, ಗುಡ್ಡ, ನಮ್ಮ ಮೈ, ಯಾವುದೂ ಅವಕ್ಕೆ ಅಡ್ಡವಲ್ಲ. ನೆಲದಡಿ ದೊಡ್ಡ ಟ್ಯಾಂಕಿಯಲ್ಲಿ ನೀರು ತುಂಬಿಸಿಟ್ಟರೆ ಎಲ್ಲೋ ಒಂದೊಂದು ಅದಕ್ಕೆ ಡಿಕ್ಕಿ ಹೊಡೆದು ಮಿಣುಕುತ್ತದೆ. ಒಮ್ಮೆಲೇ ಹಲವು ಮಿಣುಕಿದರೆ ಪುಳ್ಳಿಯ ಮೊಬೈಲು ಕೂಗುತ್ತದೆ. ಕೂಡಲೇ ನೋಡಿ ದುರ್ಬೀನಿನವರಿಗೆಲ್ಲ ಹೇಳಬೇಕು. ತಪ್ಪಿದರೆ ಅವಳ ಆಯುಷ್ಯದಲ್ಲಿ ಇನ್ನೊಂದು ಸಿಗುವ ಭರವಸೆ ಇಲ್ಲ. ಸರದಿ ಇದ್ದಾಗ ರಜೆಯಲ್ಲೂ ಬಿಡುವಿಲ್ಲ. ಬಚ್ಚಲಿಗೂ ಮೊಬೈಲು ಹಿಡಿದೇ ಹೋಗುವುದು.

ಟ್ಯಾಂಕಿ

ಪಂಚಾಯತಿನ ನೀರು ಬಿಡುವವನು ಜಗಲಿಯಲ್ಲಿ ಕೂತು ಕೇಳಿದ, "ಆ ಟ್ಯಾಂಕಿಯಿಂದ ಎಷ್ಟು ಊರಿಗೆ ನೀರು ಬಿಡುದು?"

"ಯಾವ ಊರಿಗೂ ಇಲ್ಲ ಅಣ್ಣ. ಅದನ್ನು ನೋಡುದು ಮಾತ್ರ," ಎಂದಳು ಪುಳ್ಳಿ.

ಅವನು ಹೊಟ್ಟೆ ಹಿಡಿದು ನಕ್ಕ. "ಇಷ್ಟು ಓದಿ ನೀರು ನೋಡ್ಲಿಕ್ಕೆ ಹೋದದ್ದಾ?"

ನನಗೆ ಉರಿಯಿತು. "ನಗ್ಬೇಡ ಮಾರಾಯ. ನಿನ್ನ ಟ್ಯಾಂಕಿಯನ್ನು ನಾವು ಇಷ್ಟು ವರ್ಷದಿಂದ ನೋಡುದಲ್ಲದೆ ಅದರ ನೀರು ಕುಡಿದದ್ದುಂಟಾ?"

ಸೂತಕ

ಪಕ್ಕದ ಮನೆಯ ಅತ್ತೆಗೆ ಮಡಿ ಜಾಸ್ತಿ. ಕಣಗಳ ಸುದ್ದಿ ಕೇಳಿ ಅವರ ಮುಖ ಸಣ್ಣದಾಯಿತು.

"ಸತ್ತ ನಕ್ಷತ್ರದಿಂದ ಬಂದದ್ದು ನನ್ನ ಅಡುಗೆಕೋಣೆಗೂ ಬರ್ತದಾ?"

"ಬರ್ತದೆ ಅತ್ತೆ."

"ಬಾಗಿಲು ಹಾಕಿದ್ರೆ?"

"ನಿಮ್ಮೊಳಗಿಂದಲೇ ಹಾದು ಹೋಗ್ತದೆ."

ಅಷ್ಟೇ. ಅತ್ತೆ ನಮ್ಮ ಮನೆಯ ಕಾಫಿ ಮುಟ್ಟಲಿಲ್ಲ. ಸೂತಕದ ಕೆಲಸ ಮಾಡುವ ಹುಡುಗಿ ಎಂದು ಊರಿಡೀ ಹೇಳಿದರು. ಜಗಳ ಮಾಡಲೆಂದೇ ನಾನು ಸೆರಗು ಸಿಕ್ಕಿಸಿ ಹೊರಟೆ. ಪುಳ್ಳಿ ನನ್ನನ್ನು ಹಿಂದಕ್ಕೆ ಎಳೆದು, ಅತ್ತೆಗೆ ಸಮಾಧಾನವಾಗಿ ಹೇಳಿದಳು, "ನಕ್ಷತ್ರ ಸತ್ತು ಸಾವಿರಾರು ವರ್ಷ ಆಗಿರ್ತದೆ ಅತ್ತೆ. ಸುದ್ದಿ ನಮಗೆ ಮುಟ್ಟುದು ಈಗ."

ಅತ್ತೆ ನನ್ನ ಮೇಲೆಯೇ ಹಾರಿದರು. "ವರ್ಷ ಕಳೆದು ಬಂದ ಸುದ್ದಿಗೆ ಒಂದು ಸ್ನಾನ ಸಾಕು! ಮೊದಲೇ ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?"

ಅರುವತ್ತರ ಶಾಂತಿ

ಪಂಜದ ನೆಂಟರೊಬ್ಬರಿಗೆ ಅರುವತ್ತು ತುಂಬಿತ್ತು. ಅವರ ಜನ್ಮನಕ್ಷತ್ರ ಆರ್ದ್ರಾ. ಶಾಂತಿಹೋಮ ಮುಗಿಸಿ ಊಟಕ್ಕೆ ಕೂತಾಗ ಪುಳ್ಳಿಯನ್ನು ಕೇಳಿದರು, "ಮುಂದೆ ಸಿಡಿಯುದು ಯಾವುದು?"

"ಹೇಳ್ಲಿಕ್ಕಾಗುದಿಲ್ಲ ಮಾವ. ಆರ್ದ್ರಾ ಮಾತ್ರ ತುಂಬಾ ಮುದಿಯಾಗಿದೆ."

ಅವರು ಎತ್ತಿದ ತುತ್ತನ್ನು ಎಲೆಗೇ ಇಳಿಸಿದರು.

ಪಾಯಸ ಬಡಿಸುವಾಗ ಮೊಬೈಲು ಕೂಗಿತು ನೋಡಿ! ಪುಳ್ಳಿ ಎಂಜಲು ಕೈಯಲ್ಲೇ ಎದ್ದು ಅಂಗಳಕ್ಕೆ ಓಡಿದಳು. ಪಂಕ್ತಿಯಲ್ಲಿದ್ದ ಹಿರಿಯರೆಲ್ಲ ಒಟ್ಟಿಗೆ ಬಾಯಿ ಬಿಟ್ಟರು. "ಪಂಕ್ತಿಯ ನಡುವಿನಿಂದ ಏಳುದಾ? ಮನೆಯಲ್ಲಿ ಹೇಳಿಕೊಡುವವರು ಇಲ್ವಾ?"

ಹೇಳಿಕೊಡಬೇಕಾದವಳು ನಾನೇ ಅಲ್ಲವೇ? ಸುಮ್ಮನಿರಲು ಆಗಲಿಲ್ಲ. "ಅಲ್ಲಿ ನಕ್ಷತ್ರವೇ ಸಿಡಿದಿರಬೇಕು! ನಿಮ್ಮ ಎಲೆ ಮಡಚುವವರೆಗೆ ಅದು ಕಾಯ್ತದಾ?"

ಅರುವತ್ತರ ಯಜಮಾನರು ಬಿಳಿಚಿಕೊಂಡರು. ತಮ್ಮನಿಗೂ ಅವರಿಗೂ ಬೇಲಿಯ ಜಗಳದಲ್ಲಿ ಮಾತು ಬಿಟ್ಟು ವರ್ಷಗಳಾಗಿದ್ದವು. ಈಗ ಪಂಕ್ತಿಯ ಆ ತುದಿಯಲ್ಲಿದ್ದ ತಮ್ಮನಿಗೆ ಕೂಗಿ ಹೇಳಿದರು, "ಬೇಲಿ ಬದಿಯ ಆ ಜಾಗ ನಿನಗೇ ಇರ್ಲಿ ಮಾರಾಯ. ನನ್ನ ಮೇಲೆ ಸಿಟ್ಟು ಇಟ್ಕೊಳ್ಬೇಡ."

ತಮ್ಮನ ಕಣ್ಣಲ್ಲಿ ನೀರು. ಹೆಂಗಸರೆಲ್ಲ ಮೂಗೊರೆಸಿಕೊಂಡರು.

ಅಷ್ಟರಲ್ಲಿ ಪುಳ್ಳಿ ನಗುತ್ತಾ ಬಂದಳು. "ಎಂತದೂ ಸಿಡಿದದ್ದಲ್ಲ ಅಜ್ಜಿ. ನಾನು ಎಷ್ಟು ಬೇಗ ಏಳ್ತೇನೆ ಅಂತ ನೋಡ್ಲಿಕ್ಕೆ ಟ್ಯಾಂಕಿಯವರೇ ಬಾರಿಸಿದ್ದು. ಪಾಸಾದೆ!"

ಯಜಮಾನರು ಎಲೆಗೆ ಗುದ್ದಿದರು. "ಹಾಗಾದ್ರೆ ಜಾಗ ವಾಪಸ್!"

"ಅದೆಲ್ಲ ಆಗುದಿಲ್ಲ, ಕೊಟ್ಟದ್ದನ್ನು ಇಡೀ ಪಂಕ್ತಿ ಕೇಳಿದೆ," ಎಂದ ತಮ್ಮ.

ಕೈ ತೊಳೆದು ಹೊರಡುವಾಗ ಅವನು ಪುಳ್ಳಿಯ ಹತ್ತಿರ ಬಂದು ಮೆಲ್ಲ ಕೇಳಿದ, "ಮಗಳೇ, ಇನ್ನು ಅದನ್ನು ಬಾರಿಸುದು ಯಾವಾಗ? ಅಣ್ಣನ ಹತ್ರ ಬಾವಿಯ ಜಗಳವೊಂದು ಬಾಕಿ ಉಂಟು."